ಒರೆಸದ ಮೂಲೆ

ಚಿಕ್ಕಮ್ಮನ ಕೈಯಿಂದ ಮಗಳು ಬಟ್ಟೆಯನ್ನು ಕಿತ್ತುಕೊಂಡಳು.

"ಕನ್ನಡಿ ಒರೆಸಬೇಡ ಚಿಕ್ಕಮ್ಮ. ಏನನ್ನೂ ಒರೆಸಬೇಡ."

"ಜನ ಬರ್ತಿದ್ದಾರೆ ಕಣೆ. ಅಕ್ಕ ಹೀಗೆಲ್ಲ ಬಿಡ್ತಿದ್ಲಾ? ಗಾಜಿನ ಮೇಲೆ ಒಂದು ಕಲೆ ಕಂಡ್ರೂ ಎದ್ದು ಬರ್ತಾಳೆ."

ಹೇಳಿ ಚಿಕ್ಕಮ್ಮ ನಾಲಿಗೆ ಕಚ್ಚಿಕೊಂಡಳು. ನಡುಮನೆಯಲ್ಲಿ ಅಕ್ಕ, ಈ ಮಗಳ ಅಮ್ಮ, ಬಿಳಿ ಹೊದಿಕೆಯೊಳಗೆ ಮಲಗಿದ್ದಳು. ಇನ್ನು ಯಾವ ಕಲೆಗೂ ಏಳುವಂತಿರಲಿಲ್ಲ.

ಬಾಗಿಲಲ್ಲಿ ಪೌಡರ್ ಮಾಮ ಚಪ್ಪಲಿ ಬಿಡುತ್ತಿದ್ದ. ಪೊಲೀಸ್ ಇಲಾಖೆಯ ಬೆರಳಚ್ಚು ವಿಭಾಗದಲ್ಲಿ ಅಮ್ಮನ ಜೊತೆಗೇ ಮುದುಕನಾದವನು. ಕಳುವಾದ ಮನೆಗಳಲ್ಲಿ ಅವನು ಬೆರಳಚ್ಚು ಎದ್ದು ಕಾಣಲೆಂದು ಸಾಮಾನುಗಳಿಗೆ ಪುಡಿ ಹಚ್ಚುತ್ತ ಮುಂದೆ ಹೋದರೆ, ಅಮ್ಮ ಭೂತಗನ್ನಡಿ ಹಿಡಿದು ಹಿಂದೆ ಬರುತ್ತಿದ್ದಳು. ಅವನ ಚೀಲದಲ್ಲಿ ಈಗಲೂ ಬ್ರಷ್ಷು, ಪುಡಿ ಇರುತ್ತಿದ್ದವು. ಮದುವೆಮನೆಗೂ ತರುತ್ತಾನೆ ಎಂದು ಅಮ್ಮ ನಗುತ್ತಿದ್ದಳು.

ಮಗಳು ಅವನನ್ನು ಒಳಕೋಣೆಗೆ ಕರೆದಳು.

"ಮಾಮ, ಅಮ್ಮಂದು ಒಂದು ಬೆರಳಚ್ಚು ಬೇಕು ನಂಗೆ. ಅಮ್ಮನ್ನ ಒಯ್ಯೋ ವ್ಯಾನ್ ಬರೋ ಹೊತ್ತಿಗೆ ಮನೆ ತುಂಬಾ ಊರವರ ಕೈ ಬಿದ್ದಿರುತ್ತೆ."

"ಅದಕ್ಕೇನಮ್ಮ, ಅವರೇ ಇದ್ದಾರಲ್ಲ. ಸ್ವಲ್ಪ ಇಂಕು..."

"ಆ ಬೆರಳಲ್ಲಿ ಏನೂ ಉಳಿದಿಲ್ಲ ಮಾಮ."

*

ಕ್ಯಾನ್ಸರಿನ ಮಾತ್ರೆಗಳು ಮೊದಲು ಕೂದಲಿಗೆ ಬರುತ್ತವೆಂದು ಎಲ್ಲರೂ ಕಾದಿದ್ದರು. ಅವು ಬಂದದ್ದು ಬೆರಳಿಗೆ. ಅಂಗೈ ಕೆಂಪಾಗಿ, ತುದಿಗಳ ಚರ್ಮ ಸುಲಿದು, ಬೆರಳುಗಳು ಹೊಳೆಯಲ್ಲಿ ಉರುಳಿ ಬಂದ ಕಲ್ಲಿನಂತೆ ನುಣ್ಣಗಾದವು. ಒಂದು ಬೆಳಿಗ್ಗೆ ಬೆರಳಿಟ್ಟರೆ ಅಮ್ಮನ ಫೋನೇ ಅವಳನ್ನು ಗುರುತಿಸಲಿಲ್ಲ. ಅಮ್ಮ ಭೂತಗನ್ನಡಿ ತರಿಸಿ ತನ್ನ ಹೆಬ್ಬೆರಳನ್ನು ಬಹಳ ಹೊತ್ತು ನೋಡಿದಳು.

"ಸುಳಿ ಇತ್ತು ಇಲ್ಲಿ. ಚೆಂದದ ಸುಳಿ," ಎಂದಳು, ಬೇರೆ ಯಾರದೋ ಕೇಸಿನ ಬಗ್ಗೆ ಹೇಳುವಂತೆ. ಆಮೇಲೆ ನಕ್ಕಳು. "ಕಳ್ಳತನಕ್ಕೆ ಇಳಿಯೋದಾದ್ರೆ ಇದೇ ಸರಿಯಾದ ಕಾಲ ಕಣೆ."

ಮಗಳಿಗೆ ನಗು ಬರಲಿಲ್ಲ.

*

"ಆಫೀಸಲ್ಲಿ ಅಮ್ಮನ ಬೆರಳಚ್ಚು ಇರಲ್ವಾ ಮಾಮ? ನಿಮ್ಮದೆಲ್ಲ ತಗೊಂಡಿರ್ತಾರಲ್ಲ?"

"ರಿಟೈರ್ ಆದ ಮೇಲೆ ತೆಗೆದುಹಾಕ್ತಾರೆ. ನಿಮ್ಮಮ್ಮ ಎದುರಿಗೇ ನಿಂತು ತೆಗೆಸಿದ್ರು." ಅವನು ಚೀಲ ಬಿಚ್ಚಿದ. "ಇರಲಿ, ಹುಡುಕೋಣ. ಮೇಡಮ್ಮು ಏನಾದ್ರೂ ಬಿಟ್ಟಿರ್ತಾರೆ."

ಬಿಟ್ಟಿರಲಿಲ್ಲ. ಪುಸ್ತಕದ ಕಪಾಟಿನ ಗಾಜು, ಕಿಟಕಿ, ಕನ್ನಡಕದ ಡಬ್ಬಿ, ಹೂಜಿ, ಎಲ್ಲದರ ಮೇಲೂ ಬ್ರಷ್ಷು ಸುಮ್ಮನೆ ಜಾರಿ ಬಂತು. ಔಷಧಿ ಬಾಟಲಿಯ ಮೇಲೆ ಮಾತ್ರ ಒಂದು ಹೆಬ್ಬೆರಳು ಕಪ್ಪಗೆ ಎದ್ದಿತು. ಮಗಳು ಹತ್ತಿರ ಬಂದಳು. ಮಾಮ ಬಗ್ಗಿ ನೋಡಿ, ಬಾಗಿಲಲ್ಲಿ ನಿಂತಿದ್ದ ಚಿಕ್ಕಮ್ಮನ ಕೈ ಕೇಳಿ ಪಡೆದು, ಮತ್ತೆ ಬಾಟಲಿ ನೋಡಿದ.

"ಇದು ನಿಮ್ಮದು."

"ನಾನೇನು ಕದ್ದಿಲ್ಲಪ್ಪ. ಸಿರಪ್ಪು ಕುಡಿಸಿದ್ದು," ಎಂದು ಚಿಕ್ಕಮ್ಮ ಕೈ ಎಳೆದುಕೊಂಡಳು. ಎಳೆದುಕೊಂಡವಳಿಗೆ ಅಳು ಬಂತು. ಕಣ್ಣೊರೆಸಿಕೊಳ್ಳುತ್ತ ನಡುಮನೆಗೆ ಹೋದಳು.

ಮಗಳು ಗೋಡೆಗೆ ಒರಗಿದಳು. "ಗೊತ್ತಿತ್ತು ಮಾಮ. ಅಮ್ಮ ಹಾಗೇನೇ. ಈ ಮನೇಲಿ ನನ್ನದೇ ಒಂದು ಗುರುತು ಉಳಿಯೋಕೆ ಬಿಟ್ಟವಳಲ್ಲ, ಇನ್ನು ತನ್ನದು ಬಿಡ್ತಾಳಾ?"

*

ಚಿಕ್ಕಂದಿನಲ್ಲಿ ಅವಳು ಮುಟ್ಟಿದ್ದನ್ನೆಲ್ಲ ಅಮ್ಮ ಹಿಂದೆಯೇ ಬಂದು ಒರೆಸುತ್ತಿದ್ದಳು. ಬಟ್ಟೆಯನ್ನು ತೋರುಬೆರಳಿಗೆ ಬಿಗಿಯಾಗಿ ಸುತ್ತಿಕೊಂಡು ಒರೆಸುವುದು ಅವಳ ರೀತಿ. "ಹಗಲೆಲ್ಲ ಜನರ ಬೆರಳೇ ನೋಡಿರ್ತೀನಿ. ಮನೇಲಾದ್ರೂ ಗಾಜು ಗಾಜಾಗಿರಲಿ," ಎನ್ನುತ್ತಿದ್ದಳು. ಮಗುವಿಗೆ ಅದು ಅರ್ಥವಾಗುತ್ತಿರಲಿಲ್ಲ. ತಾನು ಇದ್ದೇನೆಂಬುದನ್ನೇ ಅಮ್ಮ ದಿನಾ ಸಂಜೆ ಅಳಿಸಿಹಾಕುತ್ತಾಳೆ ಎಂದುಕೊಳ್ಳುತ್ತಿತ್ತು. ಅಳಿಸಿ ಅಳಿಸಿ ಒಂದು ದಿನ ತಾನೂ ಗಾಜಾಗಿಬಿಟ್ಟರೆ, ಅಮ್ಮ ತನ್ನ ಮೂಲಕ ಆಚೆಯ ಗೋಡೆಯನ್ನು ನೋಡುತ್ತಾಳೆ ಎಂದು ಹೆದರುತ್ತಿತ್ತು.

ಒಂದು ಸಂಜೆ ಅಮ್ಮನಿಂದ ತಲೆಗೆ ಎಣ್ಣೆ ಹಚ್ಚಿಸಿಕೊಂಡು ಎದ್ದ ಮಗು, ತಲೆ ಸವರಿಕೊಂಡ ಜಿಡ್ಡು ಕೈಯನ್ನು ಬೀರುವಿನ ಕನ್ನಡಿಗೆ, ನೆಲದ ಹತ್ತಿರದ ಮೂಲೆಗೆ, ಬೇಕಂತಲೇ ಒತ್ತಿತು. ಅಮ್ಮ ನೋಡಿದಳು. ಬೈಯಲಿಲ್ಲ. ಮಗು ಹಾಸಿಗೆಗೆ ಓಡಿ ಗೋಡೆಯ ಕಡೆ ಮುಖ ಮಾಡಿ ಮಲಗಿತು. ಸ್ವಲ್ಪ ಹೊತ್ತಿಗೆ ಬೆನ್ನ ಹಿಂದೆ ಗಾಜಿನ ಮೇಲೆ ಬಟ್ಟೆ ಕೀರ್ ಕೀರ್ ಎಂದಿತು. ಮಗು ತಿರುಗಿ ನೋಡಲಿಲ್ಲ. ನೋಡುವುದೇನಿತ್ತು? ಆಮೇಲೆ ಯಾವತ್ತೂ ಆ ಮೂಲೆಯ ಕಡೆ ಕಣ್ಣು ಹಾಯಿಸಲಿಲ್ಲ.

*

ಹೊರಗೆ ವ್ಯಾನಿನ ಬಾಗಿಲು ತೆರೆದ ಸದ್ದಾಯಿತು. ನಡುಮನೆಯಲ್ಲಿ ಜನ ಎದ್ದು ನಿಂತರು.

ಮಾಮ ಬ್ರಷ್ಷು ಒಳಗಿಡುತ್ತಿದ್ದವನು ಅಮ್ಮನ ಮಂಚದ ಕಡೆ ನೋಡಿದ. "ಇದು ಮೊದಲಿಂದ ಇಲ್ಲೇ ಇತ್ತಾ?"

"ಇಲ್ಲ. ಕಾಯಿಲೆ ಬಿದ್ದ ಮೇಲೆ ಬೀರುಗೆ ಒತ್ತಿ ಹಾಕಿದ್ವಿ."

"ಹಾಗಾದ್ರೆ ಇದರ ಹಿಂದೆ ಈಚೆಗೆ ಯಾರ ಬಟ್ಟೆಯೂ ಹೋಗಿಲ್ಲ. ಹಿಡ್ಕೋ ಆ ಕಡೆ."

ಮಂಚ ಸರಿಯಿತು. ಮಾಮ ಮೊಣಕಾಲೂರಿ ಕನ್ನಡಿಯ ಕೆಳಗಿನ ಮೂಲೆಗೆ ಪುಡಿ ಆಡಿಸಿದ. ಬ್ರಷ್ಷು ಒಂದು ಕಡೆ ತಡೆಯಿತು. ಒಂದು ಬೆರಳು ಎದ್ದಿತು, ಪಕ್ಕದಲ್ಲೇ ಇನ್ನೊಂದು, ಆಮೇಲೆ ಅಂಗೈ.

ಅವನು ಭೂತಗನ್ನಡಿ ಹಿಡಿದ. ಒಂದೊಂದೇ ಬೆರಳನ್ನು ನೋಡುತ್ತ ಹೋದ.

"ಮೇಡಮ್ಮಂದಲ್ಲಮ್ಮ. ಮಗುವಿನ ಕೈ. ತೋರುಬೆರಳಿಗೆ ಅಡ್ಡಕ್ಕೆ ಒಂದು ಗಾಯದ ಗೀರಿದೆ."

ಮಗಳು ತನ್ನ ತೋರುಬೆರಳನ್ನು ಮಡಚಿಕೊಂಡಳು. ಪೆನ್ಸಿಲ್ ಚೂಪು ಮಾಡಲು ಹೋಗಿ ಬ್ಲೇಡಿಗೆ ಕೊಟ್ಟ ಬೆರಳು ಅದು.

"ಆದ್ರೆ ಇದನ್ನ ನೋಡು." ಮಾಮ ಟಾರ್ಚನ್ನು ಓರೆಯಾಗಿ ಹಿಡಿದ. ಪುಟ್ಟ ಕೈಯ ಸುತ್ತ ಬೆರಳಗಲದಷ್ಟು ಹಳೆಯ ಮಂಕು ಉಳಿದಿತ್ತು. ಅದರಾಚೆ ಗಾಜು ನೀರಿನ ಹಾಗೆ ತಿಳಿಯಾಗಿತ್ತು. ಎರಡರ ನಡುವಿನ ಗೆರೆ ಎಲ್ಲೂ ಅಲುಗಿರಲಿಲ್ಲ. "ಇದು ಒಂದು ದಿನದ ಕೆಲಸ ಅಲ್ಲ. ಪ್ರತಿ ಸಲ ಒರೆಸುವಾಗಲೂ ಮೇಡಮ್ಮು ಇಲ್ಲಿಗೆ ಬಂದು ಈ ಕೈನ ಬಿಟ್ಟು ಸುತ್ತಿ ಹೋಗಿದ್ದಾರೆ."

"ಬಾರೇ, ಎತ್ತೋ ಹೊತ್ತಾಯ್ತು," ನಡುಮನೆಯಿಂದ ಚಿಕ್ಕಮ್ಮ ಕೂಗಿದಳು.

"ಬಂದೆ."

ಮಾಮ ಚೀಲ ಎತ್ತಿಕೊಂಡು ಹೊರಗೆ ಹೋದ. ಗಾಜಿನ ತುಂಬ ಕಪ್ಪು ಪುಡಿ ಚೆಲ್ಲಿತ್ತು. ಮಗಳು ನೆಲಕ್ಕೆ ಕೂತು, ಆಗ ಚಿಕ್ಕಮ್ಮನಿಂದ ಕಿತ್ತುಕೊಂಡಿದ್ದ ಬಟ್ಟೆಯನ್ನು ತೋರುಬೆರಳಿಗೆ ಬಿಗಿಯಾಗಿ ಸುತ್ತಿಕೊಂಡಳು. ಕನ್ನಡಿಯ ಅಂಚಿನಿಂದ ಒರೆಸುತ್ತ ಒರೆಸುತ್ತ ಬಂದಳು. ಬಟ್ಟೆ ಕೀರ್ ಎಂದಿತು. ಪುಟ್ಟ ಕೈಯ ಹತ್ತಿರ ಬಂದಾಗ ಬೆರಳು ನಿಧಾನಿಸಿ, ಗೆರೆಯನ್ನು ಹಿಡಿದು, ಸುತ್ತಿಕೊಂಡು ಹೋಯಿತು.