ತೇಲುವ ಕಾಲು

ಕಾಲುವೆಗೆ ನೀರು ಬಿಟ್ಟರೆಂದರೆ ಪಾರಮ್ಮನಿಗೆ ಈಗಲೂ ಎಂಬತ್ಮೂರನೇ ಇಸವಿಯ ಆ ನಾಟಿಯೇ ನೆನಪಾಗುತ್ತದೆ.

ಭತ್ತದ ಗಾಡಿ ಮಗುಚಿ ಮೊಣಕಾಲ ಕೆಳಗೆ ಎಡಗಾಲು ಹೋದ ಮೇಲೆ, ಗಂಗಾವತಿಯ ಗದ್ದೆಗಳಲ್ಲಿ ಅವಳಿಗೆ ಉಳಿದದ್ದು ಬದುವಿನ ಮೇಲೆ ಕೂತು ಸಸಿಯ ಕಟ್ಟು ಎಸೆಯುವ ಕೆಲಸ. ಮರದ ಕಾಲು ಕೆಸರಲ್ಲಿ ಹೂತುಹೋದರೆ ಇಬ್ಬರು ಎಳೆಯಬೇಕಿತ್ತು. ಹಾಡುತ್ತ, ಬಗ್ಗಿ, ಹಿಂದಕ್ಕೆ ಸರಿಯುವ ಹೆಂಗಸರ ಸಾಲಿನಲ್ಲಿ ತನ್ನ ಜಾಗ ವಾಪಸು ಬೇಕು ಅನ್ನುವುದೊಂದೇ ಅವಳ ಹಟ.

ಇರಕಲ್ಲಗಡದ ಹನಮಪ್ಪ ಬಂದದ್ದು ಆಗ. ಗಾಜಿನ ನೂಲು, ಅಂಟು ಸೇರಿಸಿ ಹಗುರ ವಸ್ತು ಮಾಡುವ ಪ್ರಯೋಗಾಲಯದಲ್ಲಿ ಅವನು ಸಂಶೋಧನೆ ಮಾಡುತ್ತಿದ್ದ. ಚೀಲದಿಂದ ಅದೇ ವಸ್ತುವಿನಲ್ಲಿ ತಾನೇ ಮಾಡಿದ ಒಂದು ಕಾಲು ತೆಗೆದು ಅವಳ ಕೈಗಿಟ್ಟ.

“ಏನ್ ತಮ್ಮಾ, ಒಣಗಿದ ಸೋರಿಕಾಯಿ ಹಿಡದಂಗ ಐತಲ್ಲೋ!”

“ಒಳಗ ಪೊಳ್ಳು ಐತಿ ಯಕ್ಕಾ. ಒಂದ್ ಹನಿ ನೀರು ಹೋಗಂಗಿಲ್ಲ, ಹಂಗ ಮುಚ್ಚೇನಿ.”

ನಾಟಿ ಗುಂಪಿನ ಹಿರಿಯಳು ಮಾರೆವ್ವ ಷರತ್ತು ಹಾಕಿದಳು. “ಈ ಮಡಿ ಮುಗಿಯೂತನ ಸಾಲು ತಪ್ಪಬಾರದು. ತಪ್ಪಿದಿ, ಮತ್ತ ಬದುವಿಗೆ.”

ಪಾರಮ್ಮ ಹೊಸ ಕಾಲು ಕಟ್ಟಿಕೊಂಡು ಗದ್ದೆಗಿಳಿದಳು. ಬಲಗಾಲು ಕೆಸರಿಗೆ ಹೋಯಿತು. ಎಡಗಾಲು ಹೋಗಲೇ ಇಲ್ಲ! ಒತ್ತಿದಷ್ಟೂ ಪುಟಿದು ಹಿಂದಿನಿಂದ ಮೇಲೆದ್ದಿತು. ಅವಳು ಮುಖ ಮುಂದಾಗಿ ಬಿದ್ದಳು.

“ಸೋರಿ ಬುರುಡಿ ಕಟ್ಕೊಂಡು ಈಸಾಕ ಬಂದಿಯೇನ ಪಾರವ್ವಾ?” ಮಾರೆವ್ವನ ಮಾತಿಗೆ ಸಾಲೆಲ್ಲ ನಕ್ಕಿತು. ಪಾರಮ್ಮನೂ ನಕ್ಕಳು, ಆದರೆ ಕೆಸರು ಒರೆಸುವ ನೆಪದಲ್ಲಿ ಕಣ್ಣೂ ಒರೆಸಿಕೊಂಡಳು.

ಹನಮಪ್ಪನ ಮುಖ ಬಿಳಿಚಿತು. ಅವನು ಆ ಕಾಲನ್ನು ನಡೆಸಿ ನೋಡಿದ್ದೆಲ್ಲ ಒಣ ನೆಲದ ಮೇಲೆ. ಅದನ್ನು ಬಿಚ್ಚಿಸಿಕೊಂಡು ಬದುವಿನ ಮೇಲೆ ಕೂತು ತಿರುಗಿಸಿ ತಿರುಗಿಸಿ ನೋಡಿದ. ಆಮೇಲೆ ಓಡಿಹೋಗಿ ಬಡಿಗೇರ ಮನೆಯಿಂದ ಬೈರಿಗೆ ತಂದ.

“ಅಯ್ಯ, ಅಷ್ಟ್ ಕಷ್ಟಪಟ್ಟು ಮುಚ್ಚಿ ಈಗ ತೂತು ಹಾಕ್ತೀಯಲ್ಲೋ!”

“ತೂತು ಬೀಳ್ಲಿ ಬಿಡ ಯಕ್ಕಾ. ಗದ್ಯಾಗ ನೀರು ತುಂಬ್ಕೊಳ್ಳಲಿ, ಬದು ಹತ್ತಿದ ಮ್ಯಾಲ ಸುರದು ಹೋಗ್ಲಿ.”

ಮೇಲೊಂದು, ಹಿಮ್ಮಡಿಗೊಂದು ತೂತು. ಈ ಸಲ ಕಾಲು ಗುಳುಗುಳು ಎನ್ನುತ್ತ ನೀರು ಕುಡಿದು ಕೆಳಗಿಳಿಯಿತು. ಪಾದ ಅಗಲವಿದ್ದುದರಿಂದ ಹೂತುಹೋಗಲೂ ಇಲ್ಲ. ಮಡಿ ಮುಗಿಯುವವರೆಗೆ ಪಾರಮ್ಮ ಸಾಲು ಬಿಡಲಿಲ್ಲ.

ಬದು ಹತ್ತಿ ನಿಂತಾಗ ಹಿಮ್ಮಡಿಯಿಂದ ನೀರು ಚಿಮ್ಮಿತು.

“ದೂರ ಸರೀರ್ಬೇ ಎಲ್ಲಾರೂ, ಪಾರವ್ವನ ಕಾಲು ಉಚ್ಚಿ ಹೊಯ್ಯಾಕತ್ತೈತಿ!” ಎಂದಳು ಮಾರೆವ್ವ. ನಗು ನಿಂತ ಮೇಲೆ ಮೆಲ್ಲಗೆ, “ನಾಳೆ ಲಗೂನ ಬಾ. ನನ್ನ ಬಾಜೂಕ ನಿಲ್ಲು.”

ಹನಮಪ್ಪ ಆಮೇಲೆ ಕಳಿಸಿಕೊಟ್ಟ ಕಾಲು ಅದಕ್ಕಿಂತಲೂ ಚೆನ್ನಾಗಿದೆ. ತೇಲುವುದಿಲ್ಲ, ನೀರು ಕುಡಿಯುವುದಿಲ್ಲ, ಸದ್ದೂ ಇಲ್ಲ. ಆದರೂ ಬದು ಹತ್ತಿದಾಗಲೆಲ್ಲ ಪಾರಮ್ಮ ಒಂದು ಗಳಿಗೆ ನಿಲ್ಲುತ್ತಾಳೆ, ನೀರು ಸುರಿದು ಹೋಗಲಿ ಎಂಬಂತೆ.