ಸತ್ಯಪ್ಪ ಉಸಿರಾಡಿದ ಧೂಳಿನ ತೂಕ

ಸತ್ಯಪ್ಪನ ಕೆಮ್ಮಿಗೆ ಎರಡು ವರ್ಷ ತುಂಬಿತ್ತು. ಮೊದಲು ಬೆಳಿಗ್ಗೆ ಮಾತ್ರ ಬರುತ್ತಿತ್ತು. ಆಮೇಲೆ ಊಟಕ್ಕೆ ಕೂತಾಗಲೂ ಬಂತು. ಈಗೀಗ ಖಣಿಯ ಏರು ಹತ್ತುವಾಗ ಎರಡು ಸಲ ನಿಂತು ಸುಧಾರಿಸಿಕೊಳ್ಳಬೇಕಾಗುತ್ತಿತ್ತು.

ಖಾನಾಪುರದಿಂದ ಬೀಡಿ ಎಂಬ ಊರಿನ ಕಡೆಗೆ ಹೋಗುವ ರಸ್ತೆಯ ಒಳಭಾಗದಲ್ಲಿ ಗುರುಪಾದಪ್ಪ ಸಾವಕಾರರ ಕಲ್ಲಿನ ಖಣಿ ಇತ್ತು. ಸಿಡಿಮದ್ದು ತುಂಬುವುದಕ್ಕೆ ಬಂಡೆಗೆ ತೂತು ಕೊರೆಯುವ ಮಷಿನ್ ಹಿಡಿಯುವವನು ಸತ್ಯಪ್ಪ. ಹನ್ನೊಂದು ವರ್ಷದಿಂದ ಅದೇ ಕೆಲಸ. ಅವನಷ್ಟು ನೆಟ್ಟಗೆ ತೂತು ಹೊಡೆಯುವವರು ಸುತ್ತಮುತ್ತ ಇರಲಿಲ್ಲ.

"ಏನ್ರಿ, ಬೆಳಗಾವಿ ದವಾಖಾನಿಗೆ ಹೋಗಿ ತೋರಿಸ್ಕೊಂಡು ಬರೂಣು ನಡೀರಿ," ಎಂದು ಹೆಂಡತಿ ಸಾವಂತ್ರವ್ವ ವಾರಕ್ಕೊಮ್ಮೆಯಾದರೂ ಹೇಳುತ್ತಿದ್ದಳು.

"ಅದು ಧೂಳಿನ ಕೆಮ್ಮ. ಎರಡ ತುಂಡ ಬೆಲ್ಲಾ ತಿಂದ್ರ ಹೋಗತೈತಿ," ಎನ್ನುತ್ತಿದ್ದ ಸತ್ಯಪ್ಪ.

ಖಣಿಯಲ್ಲಿ ಎಲ್ಲರೂ ಹಾಗೇ ನಂಬಿದ್ದರು. ಬೆಲ್ಲ ತಿಂದರೆ ಧೂಳು ಇಳಿದುಹೋಗುತ್ತದೆ ಎಂದು ಸಾವಕಾರರು ಶೆಡ್ಡಿನಲ್ಲಿ ಯಾವಾಗಲೂ ಒಂದು ಡಬ್ಬಿ ಬೆಲ್ಲ ಇಡಿಸುತ್ತಿದ್ದರು.

ಶಿವರಾತ್ರಿ ಮುಗಿದ ವಾರ ಖಣಿಗೆ ಒಂದು ಜೀಪು ಬಂತು. ಸರ್ಕಾರದ ಗಣಿ ಸಂಶೋಧನಾ ಸಂಸ್ಥೆಯವರದು. ಇಳಿದವಳು ಪ್ರಾಚಿ ಎಂಬ ತರುಣಿ. ಬೆಳಗಾವಿಯವಳೇ, ಜೈನರ ಮನೆಯ ಹುಡುಗಿ. ಕಲ್ಲಿನ ಖಣಿಗಳಲ್ಲಿ ಕೆಲಸಗಾರರು ಎಷ್ಟು ಧೂಳು ಉಸಿರಾಡುತ್ತಾರೆ, ಅದನ್ನು ಹೇಗೆ ಕಡಿಮೆ ಮಾಡಬಹುದು ಎಂದು ಅಳೆಯುವುದು ಅವಳ ಕೆಲಸ. ಕೈಯಲ್ಲಿ ಟಿಫಿನ್ ಡಬ್ಬಿಯಷ್ಟು ದೊಡ್ಡ ಪಂಪು. ಅದರಿಂದ ಒಂದು ಸಣ್ಣ ನಳಿ. ನಳಿಯ ತುದಿಗೆ ರೂಪಾಯಿ ನಾಣ್ಯಕ್ಕಿಂತ ಸ್ವಲ್ಪ ಅಗಲದ ಡಬ್ಬಿ.

"ಮಷಿನ್ ಹಿಡಿಯೋರು ಒಬ್ಬರು ಇದನ್ನ ಇಡೀ ದಿನ ಕಟ್ಕೋಬೇಕ್ರಿ. ಪಂಪು ನಡಕ್ಕ, ಡಬ್ಬಿ ಕಾಲರಿಗೆ," ಎಂದಳು ಪ್ರಾಚಿ.

ಯಾರೂ ಮುಂದೆ ಬರಲಿಲ್ಲ. ಖಣಿಯ ಹಿರಿಯ ಬಸಲಿಂಗಪ್ಪ ಎಲ್ಲರ ಕಿವಿಯಲ್ಲೂ ಊದುತ್ತಿದ್ದ. "ಧೂಳು ಜಾಸ್ತಿ ಐತಿ ಅಂತ ಬರಕೊಂಡು ಹೋಗತಾರ. ನಾಳೆ ಖಣಿ ಬಂದ್ ಮಾಡತಾರ. ನಮ್ಮ ಹೊಟ್ಟಿ ಮ್ಯಾಲ ಹೊಡ್ಯಾಕ ಬಂದಾರ ನೋಡು!"

ಸತ್ಯಪ್ಪನಿಗೂ ಅಂಜಿಕೆ ಇತ್ತು. ಆದರೆ ಅವನದು ಕೆದಕಿ ನೋಡುವ ಸ್ವಭಾವ. ಹೊಸ ಯಂತ್ರ ಕಂಡರೆ ಅದರ ಹೊಟ್ಟೆಯಲ್ಲಿ ಏನಿದೆ ಎಂದು ತಿಳಿಯದೆ ಊಟ ಸೇರುತ್ತಿರಲಿಲ್ಲ.

"ಈ ಡಬ್ಬಿ ಒಳಗ ಏನೈತ್ರಿ ಬಾಯಾರ?" ಎಂದು ಕೇಳಿಯೇಬಿಟ್ಟ.

ಪ್ರಾಚಿ ಅಂಥದೇ ಇನ್ನೊಂದು ಡಬ್ಬಿ ಬಿಚ್ಚಿ ತೋರಿಸಿದಳು. ಒಳಗೆ ದುಂಡನೆಯ ಬಿಳಿ ಕಾಗದ. "ಇದನ್ನ ತೂಕಾ ಮಾಡಿ ತಂದೇನ್ರಿ. ಸಂಜಿಗೆ ಇದರ ಮ್ಯಾಲ ಧೂಳು ಕುಂತಿರತೈತಿ. ಪ್ರಯೋಗಶಾಲಾದಾಗ ಮತ್ತ ತೂಗತೇವಿ. ಹೆಚ್ಚಾದ ತೂಕ ಎಷ್ಟೋ, ಅದು ಧೂಳಿಂದು."

"ಧೂಳ ತೂಗತೀರಿ?" ಸತ್ಯಪ್ಪನ ಹುಬ್ಬು ಮೇಲೇರಿತು. "ಕಟ್ರಿ ನನಗ!"

ಮಷಿನ್ ಶುರುವಾಯಿತು. ಬಿಳಿ ಧೂಳು ಎದ್ದು ಅವನನ್ನು ಮುಚ್ಚಿತು. ಪ್ರಾಚಿ ಇನ್ನೊಂದು ಪಂಪು ತೆಗೆದುಕೊಂಡು ಆಚೆಯ ಕ್ರಷರಿಗೆ ಹೋದಳು. ಮಧ್ಯಾಹ್ನ ಬಸಲಿಂಗಪ್ಪ ಬಂದು ಪಕ್ಕದಲ್ಲಿ ಕೂತ. "ಸತ್ಯಪ್ಪಾ, ನಿನ್ನಿಂದ ಮೂವತ್ತು ಮಂದಿ ಕೆಲಸಾ ಹೋದ್ರ ಯಾರಿಗೆ ಉತ್ತರಾ ಹೇಳತೀ?"

ಮಾತು ನಾಟಿತು. ಸತ್ಯಪ್ಪ ಪಂಪು ಬಿಚ್ಚಿದ. ದೂರದ ಮಾವಿನ ಮರದ ಕೊಂಬೆಗೆ ನೇತು ಹಾಕಿ ಮತ್ತೆ ಮಷಿನ್ ಹಿಡಿದ.

ಆದರೆ ಕೈ ಬಂಡೆಯ ಮೇಲಿದ್ದರೂ ಕಣ್ಣು ಮರದ ಕಡೆಗೇ ಹೋಗುತ್ತಿತ್ತು. ಆ ಮರ ಎಷ್ಟು ಧೂಳು ಉಸಿರಾಡಿತು ಎಂಬುದು ಯಾರಿಗೆ ಬೇಕಾಗಿತ್ತು? ಹನ್ನೊಂದು ವರ್ಷ ತಾನು ನುಂಗಿದ ಧೂಳಿನ ಲೆಕ್ಕ ಹೇಳುವ ಯಂತ್ರ ಮೊದಲ ಸಲ ಬಂದಿತ್ತು. ಅದಕ್ಕೇ ಸುಳ್ಳು ಹೇಳಿಸುತ್ತಿದ್ದೇನಲ್ಲ ಎನಿಸಿತು.

ಸಂಜೆ ಪ್ರಾಚಿ ಬಂದಾಗ ಅವನೇ ಹೇಳಿದ. "ತಪ್ಪಾತ್ರಿ ಬಾಯಾರ. ಮಧ್ಯಾಹ್ನದಿಂದ ಅದು ಗಿಡದ ಮ್ಯಾಲ ಇತ್ತು. ಈ ಕಾಗದ ಖರೇ ಹೇಳಂಗಿಲ್ಲ."

ಪ್ರಾಚಿ ಬೈಯಲಿಲ್ಲ. "ಯಾಕ್ರಿ?" ಎಂದು ಮಾತ್ರ ಕೇಳಿದಳು. ಅವನು ಖಣಿ ಬಂದಾಗುವ ಮಾತು ಹೇಳಿದ.

"ಖಣಿ ನಡೀಬೇಕು, ನೀವೂ ಇರಬೇಕು. ಅದು ಹೆಂಗ ಅಂತ ಹುಡುಕೂದಽ ನಮ್ಮ ಕೆಲಸ," ಎಂದಳು ಅವಳು. "ನಾಳೆ ಇವತ್ತಿನಂಗ ಒಣಾ ಹೊಡೀರಿ. ನಾಡದು ನೀರ ಬಿಟ್ಟು ಹೊಡೀರಿ. ಎರಡೂ ತೂಗೂಣು."

"ನೀರಾ? ನೀರ ಎಲ್ಲಿ ಬಿಡೂದ್ರಿ?"

ಪ್ರಾಚಿ ಶೆಡ್ಡಿನ ಮೂಲೆಯಿಂದ ಒಂದು ನಳಿ ಎಳೆದು ತಂದಳು. ಮಷಿನ್ ಕೊಂಡಾಗ ಅದರ ಜೊತೆಗೇ ಬಂದದ್ದು. ಇಷ್ಟು ವರ್ಷ ಯಾರೂ ಮುಟ್ಟಿರಲಿಲ್ಲ. ಕೊರೆಯುವ ಸಲಾಕೆಯ ಒಳಗಿಂದ ನೀರು ಹರಿದು ತೂತಿನ ತಳದಲ್ಲೇ ಧೂಳನ್ನು ಕೆಸರು ಮಾಡುತ್ತದೆ ಎಂದು ವಿವರಿಸಿದಳು.

ಮರುದಿನ ಸತ್ಯಪ್ಪ ಪಂಪು ಬಿಚ್ಚಲಿಲ್ಲ. ಮೂರನೆಯ ದಿನ ಹಳೆಯ ಗುಂಡಿಯಲ್ಲಿ ನಿಂತ ಮಳೆನೀರನ್ನು ನಳಿಗೆ ಹಾಯಿಸಿದರು. ಮಷಿನ್ ಕೂಗಿತು, ಬಂಡೆ ನಡುಗಿತು, ತೂತಿನಿಂದ ಬೂದಿ ಬಣ್ಣದ ಕೆಸರು ಉಕ್ಕಿತು. ಮೋಡದಂತೆ ಏಳುತ್ತಿದ್ದ ಧೂಳು ಏಳಲಿಲ್ಲ. ಸತ್ಯಪ್ಪನಿಗೆ ಎದುರಿನ ಗುಡ್ಡ ಕಾಣಿಸಿತು. ಮಷಿನ್ ನಡೆಯುವಾಗ ಗುಡ್ಡ ಕಂಡದ್ದು ಅದೇ ಮೊದಲು.

ಸಂಜೆ ಪ್ರಾಚಿ ಎರಡೂ ಕಾಗದಗಳನ್ನು ಪಕ್ಕಪಕ್ಕ ಇಟ್ಟಳು. ಒಣ ದಿನದ್ದು ಮಾಸಿದ ಧೋತರದಂತಿತ್ತು. ನೀರಿನ ದಿನದ್ದು ಬೆಳ್ಳಗೇ ಇತ್ತು. ಸತ್ಯಪ್ಪ ಬೆರಳು ಚಾಚಿದ.

"ಮುಟ್ಟಬ್ಯಾಡ್ರಿ, ತೂಕಾ ಕೆಡತೈತಿ!"

ಅವನು ಕೈ ಹಿಂದೆಳೆದುಕೊಂಡ. "ಕಾಗದಕ್ಕ ಹತ್ತಿದ ಇಷ್ಟ ಸಣ್ಣ ಧೂಳಿಗೆ ಯಾಕ ಅಂಜಬೇಕ್ರಿ? ಮೈಮ್ಯಾಲ ಕೂಡೂ ದಪ್ಪ ಧೂಳಲ್ಲೇನು ಕೆಟ್ಟದ್ದು?"

"ದಪ್ಪಂದು ಮೂಗಿನಾಗ, ಗಂಟಲದಾಗ ನಿಂದರತೈತಿ. ಸೀನಿದ್ರ, ಉಗುಳಿದ್ರ ಹೊರಗ ಬರತೈತಿ. ಕಣ್ಣಿಗೆ ಕಾಣದ್ದು ಐತಲ್ಲ, ಅದು ಪುಪ್ಪಸದ ತಳಾ ಮುಟ್ಟತೈತಿ. ಅಲ್ಲೇ ಕುಂತು ಗಾಯಾ ಮಾಡಿ ಗಂಟು ಕಟ್ಟತೈತಿ. ಅದಕ್ಕ ಸಿಲಿಕೋಸಿಸ್ ಅಂತಾರ. ಈ ಬೆಣಚುಕಲ್ಲಿನ ಧೂಳಿಂದ ಬರೂ ರೋಗ."

ಬಸಲಿಂಗಪ್ಪ ಹಿಂದಿನಿಂದ ಕೇಳಿದ. "ಬೆಲ್ಲಾ ತಿಂತೇವಲ್ಲ ಬಾಯಾರ?"

"ಬೆಲ್ಲಾ ಹೊಟ್ಟಿಗೆ ಹೋಗತೈತಿ ಕಾಕಾ. ಧೂಳು ಹೋಗಿದ್ದು ಪುಪ್ಪಸಕ್ಕ. ಎರಡರ ದಾರೀನೂ ಬ್ಯಾರೆ."

"ಟವಲ್ ಕಟ್ಟಿಕೊಂಡ್ರ?"

"ಟವಲಿನ ಎಳೀ ನಡುವ ಅದು ಆರಾಮ ದಾಟತೈತಿ. ಧೂಳಿಗಂತನಽ ಮಾಡಿದ ಮಾಸ್ಕ್ ಬೇಕು. ಅದಕ್ಕೂ ಮೊದಲ ನೀರ ಬೇಕು." ಅವಳು ಸತ್ಯಪ್ಪನ ಕಡೆ ತಿರುಗಿದಳು. "ಅಣ್ಣಾ, ನಿಮ್ಮ ಕೆಮ್ಮ ಮೂರ ದಿನದಿಂದ ಕೇಳಾಕತ್ತೇನಿ. ಎದೀದು ಎಕ್ಸ್‌ರೇ ತಗಸ್ರಿ."

ಈ ಸಲ ಸತ್ಯಪ್ಪ ಬೇಡ ಎನ್ನಲಿಲ್ಲ. ಕಾಗದದ ಮೇಲೆ ಕೂತ ಧೂಳು ನೋಡಿದ್ದಾಗಿತ್ತು. ಎದೆಯಲ್ಲಿ ಕೂತದ್ದು ಹೇಗಿರಬಹುದು ಎಂಬ ಪ್ರಶ್ನೆ ಅವನನ್ನು ಬಿಡಲಿಲ್ಲ. ಸಾವಂತ್ರವ್ವನ ಜೊತೆ ಖಾನಾಪುರದಲ್ಲಿ ಪ್ಯಾಸೆಂಜರ್ ರೈಲು ಹತ್ತಿ ಬೆಳಗಾವಿಯ ಸರ್ಕಾರಿ ದವಾಖಾನೆಗೆ ಹೋದ.

ಡಾಕ್ಟರು ಕೆಮ್ಮಿನ ಬಗ್ಗೆ ಕೇಳಿದರು, ಬೀಡಿ ಸೇದುವ ಬಗ್ಗೆ ಕೇಳಿದರು. ಸತ್ಯಪ್ಪ ಅಷ್ಟಕ್ಕೇ ಉತ್ತರ ಕೊಟ್ಟ. ಸಾವಂತ್ರವ್ವ ಮುಂದೆ ಬಂದು, "ಇವರು ಹನ್ನೊಂದು ವರ್ಷದಿಂದ ಕಲ್ಲಿನ ಖಣ್ಯಾಗ ಮಷಿನ್ ಹಿಡೀತಾರ್ರಿ," ಎಂದಳು.

ಡಾಕ್ಟರ ಪೆನ್ನು ನಿಂತಿತು. "ಇದನ್ನ ಮೊದಲ ಹೇಳಬೇಕಿತ್ತವ್ವಾ," ಎಂದರು.

ಕಫದ ಪರೀಕ್ಷೆಯಲ್ಲಿ ಕ್ಷಯ ಇರಲಿಲ್ಲ. ಆದರೆ ಎಕ್ಸ್‌ರೇಯಲ್ಲಿ ಎದೆಯ ಎರಡೂ ಕಡೆ ಗಸಗಸೆ ಚೆಲ್ಲಿದಂತೆ ಚುಕ್ಕೆಗಳಿದ್ದವು. ಸಾವಂತ್ರವ್ವ ಸೆರಗು ಬಾಯಿಗೆ ಒತ್ತಿಕೊಂಡಳು.

"ಇವನ್ನ ತಗ್ಯಾಕ ಬರತೈತೇನ್ರಿ?" ಎಂದು ಕೇಳಿದ ಸತ್ಯಪ್ಪ.

"ಬರಂಗಿಲ್ಲ," ಎಂದರು ಡಾಕ್ಟರು. "ಕುಂತಿದ್ದು ಕುಂತೈತಿ. ಆದ್ರ ನಿಮಗ ಇನ್ನೂ ಸುರುವಿನ ಹಂತ. ಇವತ್ತಿನಿಂದ ಧೂಳು ಬಿಟ್ರ ಬಹಳ ವರ್ಷ ಚಂದಾಗಿ ಇರಬಹುದು. ಮತ್ತ ಧೂಳಿಗೆ ಹೋದ್ರ ನಾ ಏನೂ ಹೇಳಾಕ ಬರಂಗಿಲ್ಲ. ಬೀಡೀನೂ ಬಿಡ್ರಿ. ಈ ರೋಗ ಇದ್ದವರಿಗೆ ಕ್ಷಯ ಲಗೂನ ಹತ್ತತೈತಿ, ತಪ್ಪದಽ ತೋರಿಸ್ಕೋರಿ."

ತಿರುಗಿ ಬರುವಾಗ ರೈಲಿನಲ್ಲಿ ಸತ್ಯಪ್ಪ ಆ ಎಕ್ಸ್‌ರೇಯನ್ನು ಕಿಟಕಿಯ ಬೆಳಕಿಗೆ ಹಿಡಿದು ಮತ್ತೆ ಮತ್ತೆ ನೋಡಿದ.

ಮೂರು ವಾರದ ಮೇಲೆ ಪ್ರಾಚಿ ತೂಕದ ವರದಿ ತಂದಳು. ಒಣ ದಿನದ ಧೂಳು ಐದು ಪಾಲು ಎಂದರೆ ನೀರಿನ ದಿನದ್ದು ಒಂದು ಪಾಲೂ ಇರಲಿಲ್ಲ. ಗುರುಪಾದಪ್ಪ ಸಾವಕಾರರು ಕಾಗದ ನೋಡಿ ತಲೆ ಅಲ್ಲಾಡಿಸಿದರು. "ಎಲ್ಲಾ ಖರೇ. ಆದ್ರ ನೀರ ಬಿಟ್ರ ಕೆಲಸಾ ನಿಧಾನ ಆಗತೈತಿ."

"ಆಗಂಗಿಲ್ರಿ ಸಾವಕಾರ್ರ," ಎಂದ ಸತ್ಯಪ್ಪ. "ನಾ ಎಣಿಸೇನಿ. ಒಣಾ ಹೊಡದ ದಿನ ಹನ್ನೆರಡು ತೂತು. ನೀರ ಬಿಟ್ಟ ದಿನ ಹದಿಮೂರು." ಆಮೇಲೆ ಎಕ್ಸ್‌ರೇ ತೆಗೆದು ಅವರ ಕೈಗೆ ಕೊಟ್ಟ. "ಇದೂ ನಿಮ್ಮ ಖಣಿದಽ ಕಲ್ಲು. ನನ್ನ ಎದ್ಯಾಗ ಐತಿ."

ಸಾವಕಾರರು ಅದನ್ನು ನೋಡಿ ನೀರಿನ ವ್ಯವಸ್ಥೆಗೆ ಒಪ್ಪಿದರು. ಮರುವಾರ ನೀರಿನ ಟಾಕಿ ಬಂತು, ಮಾಸ್ಕ್‌ಗಳು ಬಂದವು. ಸತ್ಯಪ್ಪ ಮಷಿನ್ ಬಿಟ್ಟುಕೊಟ್ಟ. ಬಿಟ್ಟ ದಿನ ಅವನಿಗೆ ಅಳು ಬಂತು. ಧೂಳಿನಿಂದ ದೂರ, ಮೇಲಿನ ದಂಡೆಯ ನೀರಿನ ಪಂಪಿನ ಉಸ್ತುವಾರಿ ಅವನದಾಯಿತು.

ಒಂದು ದಿನ ಪಂಪು ಕೆಟ್ಟಿತು. ನೀರು ನಿಂತಿತು. ಸತ್ಯಪ್ಪ ಕೂಡಲೇ ಕೊರೆಯುವ ಮಷಿನ್ನಿಗೆ ಗಾಳಿ ಒದಗಿಸುವ ಕಂಪ್ರೆಸರ್ ಬಂದ್ ಮಾಡಿದ. ಲಾರಿಗಳು ಸಾಲಾಗಿ ನಿಂತವು.

"ಒಂದ್ ತಾಸು ಒಣಾ ಹೊಡದ್ರ ಯಾರೂ ಸಾಯಂಗಿಲ್ಲ, ಚಾಲೂ ಮಾಡೋ!" ಎಂದು ಸಾವಕಾರರು ಕೂಗಿದರು.

ಸತ್ಯಪ್ಪ ಜಗ್ಗಲಿಲ್ಲ. ಅಷ್ಟರಲ್ಲಿ ಬಸಲಿಂಗಪ್ಪ ಬಂದು ಅವನ ಪಕ್ಕದಲ್ಲಿ ನಿಂತ. "ನೀರ ಬರೂತನಾ ಯಾರೂ ಮಷಿನ್ ಮುಟ್ಟಂಗಿಲ್ರಿ," ಎಂದ. ಮೂವತ್ತು ಜನರೂ ಕೆಳಗೆ ಕೂತರು. ಪಂಪು ರಿಪೇರಿಯಾಗಲು ಎರಡು ತಾಸು ಹಿಡಿಯಿತು. ನಳಿಯಲ್ಲಿ ನೀರು ಬಂದ ಮೇಲೆಯೇ ಎಲ್ಲರೂ ಎದ್ದರು.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲಿ ಕಲ್ಲು ಕೊರೆಯುವವರು, ಒಡೆಯುವವರು, ಕ್ರಷರಿನಲ್ಲಿ ದುಡಿಯುವವರು ಇದ್ದಾರೆಯೇ? ಅವರ ಮಷಿನ್ನಿಗೆ ನೀರಿನ ನಳಿ ಇದೆಯೇ ಎಂದು ಇವತ್ತೇ ಕೇಳಿ. ವರ್ಷಕ್ಕೊಮ್ಮೆ ಎದೆಯ ಎಕ್ಸ್‌ರೇ ತೆಗೆಸಿ. ಡಾಕ್ಟರ ಮುಂದೆ ಕೂತ ಕೂಡಲೇ ನೀವು ಮಾಡುವ ಕೆಲಸ ಯಾವುದು ಎಂದು ಹೇಳಿ. ಧೂಳು ಅಳೆಯುವವರು ನಿಮ್ಮ ಖಣಿಗೆ ಬಂದರೆ ಅಂಜಬೇಡಿ, ಪಂಪು ಕಟ್ಟಿಸಿಕೊಳ್ಳಿ, ಕಾಗದದ ಮೇಲೆ ಏನು ಕೂತಿದೆ ಎಂದು ಕೇಳಿ ನೋಡಿ. ನೀರಿಲ್ಲದೆ ಬಂಡೆ ಕೊರೆಯಬೇಡಿ, ಕೊರೆಯಲು ಬಿಡಬೇಡಿ.