ಎಸಿ ಹಾಲಿನಲ್ಲಿ ಸಾಂಬಾರ್ ಈರುಳ್ಳಿ

ತುಂಗಕ್ಕನ ಮಗಳು ವೀಕ್ಷಾ ಚಮಚದಲ್ಲಿ ಅನ್ನ ಸಾಂಬಾರು ಹಿಡಿದು, "ವಾಯ ತೊರಮ್ಮಾ," ಎಂದು ತಮಿಳಿನಲ್ಲಿ ಗದರುತ್ತಿದ್ದಳು. ತುಂಗಕ್ಕ ಬಾಯಿ ತೆರೆಯುತ್ತಿದ್ದಳು. ತುಂಗಕ್ಕ ಮುದುಕಿಯಲ್ಲ. ಉಗುರಿನ ಸಂದಿಗಳೆಲ್ಲ ಕೊಳೆತಿವೆ, ಉಪ್ಪು ಖಾರ ತಾಗಿದರೆ ಜೀವ ಹೋಗುತ್ತದೆ, ಅಷ್ಟೇ. ಸಾಂಬಾರಿಗೆ ಈರುಳ್ಳಿ ಸುಲಿದು ಸುಲಿದು, ಈಗ ಸಾಂಬಾರಿಗೆ ಕೈ ಹಾಕುವ ಹಾಗಿಲ್ಲ.

ನಾನು ಐತ. ಕ್ರೋಂಪೇಟೆಯಲ್ಲಿ ನಮ್ಮ ಊರಿನವರದೇ ಒಂದು ಹೋಟೆಲಿದೆ, ಅದರ ವ್ಯಾನು ಓಡಿಸುತ್ತೇನೆ. ಬೆಳಿಗ್ಗೆ ತಾಂಬರಂನ ಈ ಗಲ್ಲಿಯ ಮನೆಮನೆಗೆ ಸಣ್ಣ ಈರುಳ್ಳಿಯ ಮೂಟೆ ಇಳಿಸುವುದು, ಸಂಜೆ ಸುಲಿದದ್ದನ್ನು ಒಯ್ಯುವುದು. ಹೋಟೆಲಿನ ಗೋಡೆಯ ಮೇಲೆ 'ಅಮ್ಮನ ಕೈರುಚಿ' ಎಂದು ದಪ್ಪಕ್ಷರದಲ್ಲಿ ಬರೆಸಿದ್ದಾರೆ. ಆ ಅಮ್ಮನ ಕೈ ಹೇಗಿದೆ ಎಂದು ಇದುವರೆಗೆ ಯಾರೂ ಕೇಳಿಲ್ಲ.

ಗ್ಲೌಸು ಹಾಕು, ಒಂದು ತಿಂಗಳು ಈರುಳ್ಳಿ ಮುಟ್ಟಬೇಡ ಎಂದರು ಡಾಕ್ಟರು. ತುಂಗಕ್ಕ ಸುಮ್ಮನೆ ಕೂತರೆ ಒಲೆಯೂ ಸುಮ್ಮನೆ ಕೂರುತ್ತದೆ. ಭಾನುವಾರ ಅವಳು ನನ್ನ ವ್ಯಾನು ಹತ್ತಿ ಹೋಟೆಲಿನ ಧಣಿ ಸುಕೇಶರ ಹತ್ತಿರ ಬಂದಳು.

"ಧಣಿ, ಗ್ಲೌಸು ಬೇಕಿತ್ತು. ಮತ್ತೆ ಇಲ್ಲಿಯ ಸಪ್ಲಾಯರ್‌ಗಳಿಗೆ ಆಸ್ಪತ್ರೆಯ ಇಎಸ್‌ಐ ಕಾರ್ಡು ಉಂಟಲ್ಲ, ನಮಗೂ ಮಾಡಿಸಿ ಕೊಡಿ."

ಸುಕೇಶರು ನೊಂದುಕೊಂಡರು. ನಿಜವಾಗಿಯೂ ನೊಂದುಕೊಂಡರು. "ಎಂಥ ಮಾತು ತುಂಗಕ್ಕ! ಕಾರ್ಡು ಕೆಲಸದವರಿಗೆ. ನೀವು ಮನೆಯವರು ಮಾರಾಯ್ತಿ! ಮನೆಯವರಿಗೆ ಯಾರಾದ್ರೂ ಕಾರ್ಡು ಮಾಡಿಸ್ತಾರಾ? ಈ ಹೋಟ್ಲು ನಿಮ್ಮದೇ ಮನೆ ಅಂತ ತಿಳ್ಕೊಳ್ಳಿ."

ಒಂದು ಕಾಫಿಯನ್ನೂ ಕೊಡಿಸಿದರು. ಹಿಂಬಾಗಿಲಲ್ಲಿ.

ಒಳಗೆ ಎಸಿ ಹಾಲಿನಲ್ಲಿ ಲೇಬರ್ ಆಫೀಸರರು ತುಪ್ಪದ ರೋಸ್ಟ್ ದೋಸೆ ತಿನ್ನುತ್ತಿದ್ದರು. ಹೊಸೂರಿನ ಕಡೆಯವರು, ಕನ್ನಡ ಬರುತ್ತದೆ. ಪ್ರತಿ ಭಾನುವಾರ ಬರುತ್ತಾರೆ. ಅವರ ಮೇಜಿಗೆ ಬಿಲ್ಲು ಬಂದದ್ದನ್ನು ನಾನು ನೋಡಿಲ್ಲ. ಅವರು ಕೈ ತೊಳೆಯಲು ಎದ್ದಾಗ ತುಂಗಕ್ಕ ತನ್ನ ಕೈ ತೋರಿಸಿದಳು.

"ಅಯ್ಯೋ ಪಾವಂ," ಎಂದರು. "ಆದ್ರೆ ರೂಲ್ಸ್ ಅಂದ್ರೆ ರೂಲ್ಸಮ್ಮಾ. ಹೋಟೆಲ್ ಒಳಗೆ ಕೆಲಸ ಮಾಡೋರು ನನ್ನ ಕಣ್ಣಿಗೆ ಬಿದ್ರೆ ಕೇಳ್ಬೋದು. ನೀವು ಮನೇಲಿ ಕೂತು ಸುಲಿದ್ರೆ, ನಾನೇನು ಹೆಂಗಸರ ಮನೆಗೆ ನುಗ್ಲಾ?"

ಎಂಥ ಮರ್ಯಾದಸ್ಥರು! ರೂಲೇ ಹಾಗಿದೆಯೋ, ತುಪ್ಪ ಹಾಗೆ ಹೇಳಿಸಿತೋ ನನಗೆ ಗೊತ್ತಿಲ್ಲ.

ಸಂಜೆ ತುಂಗಕ್ಕ ಗಲ್ಲಿಯ ಹೆಂಗಸರ ಮುಂದೆ ಎರಡೂ ಮಾತು ಹೇಳಿದಳು. ಪಕ್ಕದ ಮನೆಯ ಕಲಬುರ್ಗಿಯ ಜಯದೇವಿ ಬಿದ್ದು ಬಿದ್ದು ನಕ್ಕಳು. ಅವಳೂ ಈರುಳ್ಳಿ ಸುಲಿಯುವವಳೇ.

"ಒಬ್ಬಾಂವ ಹೋಟೆಲ್ಲೇ ನಿಮ್ಮನಿ ಅಂತಾನ. ಇನ್ನೊಬ್ಬಾಂವ ಹೋಟೆಲ್ನಾಗ ಕುಂತ್ರ ಕೇಳ್ತೀನಿ ಅಂತಾನ. ಮತ್ತ ನಾವು ಇಲ್ಲ್ಯಾಕ ಕುಂತೀವಿ?"

ತುಂಗಕ್ಕ ನಗಲಿಲ್ಲ. "ಧಣಿ ಮೂಟೆ ಕಳಿಸೋದೇ ನಿಲ್ಲಿಸಿದ್ರೆ?"

"ಎಲ್ಲಾರೂ ಹೋದ್ರ ಮತ್ಯಾರಿಗೆ ಕಳಸ್ತಾನ? ತಾನೇ ಸುಲೀತಾನೇನು?"

ಮುಂದಿನ ಭಾನುವಾರ ಮೂಟೆ ಇಳಿಸಲು ಹೋದರೆ ತುಂಗಕ್ಕ ತಡೆದಳು. "ಇಲ್ಲಿ ಇಳಿಸ್ಬೇಡ ಐತಣ್ಣ. ವಾಪಸ್ ಹೋಟ್ಲಿಗೇ ಬಿಡು. ನಾವು ಟ್ರೈನಲ್ಲಿ ಬರ್ತೇವೆ."

ಸುಲಿಯುವವರು ಕೂತಲ್ಲಿ ಮೂಟೆ ಇಳಿಸುವುದು ನನ್ನ ಕೆಲಸ. ಹಾಗೆಯೇ ಮಾಡಿದೆ.

ಅವರು ಕೂತದ್ದು ಎಸಿ ಹಾಲಿನ ನಟ್ಟನಡುವೆ. ಗಲ್ಲಿಯ ಹೆಂಗಸರೆಲ್ಲ ಸೆರಗು ಸಿಕ್ಕಿಸಿ, ಕಾಲು ಚಾಚಿ, ಚೂರಿ ಹಿಡಿದರು. ಕಿಟಕಿಗಳೆಲ್ಲ ಮುಚ್ಚಿದ ಹಾಲ್. ತಣ್ಣನೆಯ ಗಾಳಿ ಈರುಳ್ಳಿಯ ಘಾಟನ್ನು ಒಂದು ಮೇಜೂ ಬಿಡದೆ ಬಡಿಸಿತು. ಪೆರುಂಗುಡಿಯಿಂದ ಬಂದಿದ್ದ ಐಟಿ ಹುಡುಗರು ಪೊಂಗಲ್ ಮುಂದಿಟ್ಟುಕೊಂಡು ಕಣ್ಣೀರು ಸುರಿಸಿದರು.

ಸುಕೇಶರು ಕರ್ಚೀಫು ಹಿಡಿದು ಓಡಿ ಬಂದರು. "ಇದೆಂಥ ಅವತಾರ ತುಂಗಕ್ಕಾ! ಎದ್ದೇಳಿ!"

"ನಮ್ಮದೇ ಮನೆ ಅಲ್ವಾ ಧಣಿ? ಕೂತಿದ್ದೇವೆ."

"ಗಿರಾಕಿಗಳ ಕಣ್ಣು ಉರೀತದೆ ಮಾರಾಯ್ತಿ!"

"ಹೌದಾ? ನಮಗೆ ಉರೀಲಿಕ್ಕೆ ಶುರುವಾಗಿ ವರ್ಷಗಳಾಯ್ತು. ನಿಮಗೆ ಇವತ್ತು ಗೊತ್ತಾಯ್ತು."

ಲೇಬರ್ ಆಫೀಸರರು ರೋಸ್ಟನ್ನು ಅರ್ಧಕ್ಕೇ ಬಿಟ್ಟು ಮೆಲ್ಲನೆ ಎದ್ದರು. ಬಾಗಿಲಿಗೆ ಅಡ್ಡವಾಗಿ ಒಂದು ಮೂಟೆ ಇತ್ತು. ಇಟ್ಟವನು ನಾನೇ. ನಾಳೆ ಕೆಲಸ ಇರುತ್ತದೋ ಇಲ್ಲವೋ, ಇಟ್ಟದ್ದು ಬೇಕೆಂದೇ. ತುಂಗಕ್ಕ ಎದ್ದು ಬಂದು ಕೊಳೆತ ಬೆರಳುಗಳನ್ನು ಅವರ ಮುಂದೆ ಚಾಚಿದಳು.

"ಸಾರ್, ಹೋಟ್ಲ ಒಳಗೇ ಇದ್ದೇವೆ. ಕಣ್ಣಿಗೆ ಬಿದ್ದೆವಾ?"

ಅವರಿಗೆ ಕಣ್ಣು ಬಿಡಲಾಗುತ್ತಿರಲಿಲ್ಲ. ಎರಡೂ ಕೈಯಲ್ಲಿ ಉಜ್ಜಿಕೊಳ್ಳುತ್ತಿದ್ದರು.

"ನಿಧಾನಕ್ಕೆ ಒರಸಿಕೊಳ್ಳಿ ಸಾರ್," ಎಂದಳು ತುಂಗಕ್ಕ. "ನಾವು ಕಾಯ್ತೇವೆ. ಮೂಟೆ ಇನ್ನೂ ಉಂಟು."